ಓಬಳಮ್ಮನ ಕರುಳಿಗೆ ತಿಪ್ಪೇಶನ ಕಾವಲು

ಈ ಕತೆ ನನಗೆ ಮೊದಲು ಹೇಳಿದ್ದು ಆಸ್ಪತ್ರೆಯ ಆಯಾ ಮಾರಕ್ಕ. ಅವಳು ಹೇಳಿದ ಹಾಗೇ ಹೇಳುತ್ತೇನೆ. ಸುಳ್ಳಿದ್ದರೆ ಅವಳದು.

ಓಬಳಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ನಿನ್ನನ್ನ ಹೆತ್ತ ಹೊಟ್ಟೆ ಕಣೋ ಇದು, ಕೆಡದೆ ಇನ್ನೇನಾದೀತು!" ಎಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಹೊಟ್ಟೆ ಕೆಟ್ಟೇಬಿಟ್ಟಿತು. ಮಲದಲ್ಲಿ ರಕ್ತ. ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡಬೇಕು ಅಂದರು ಡಾಕ್ಟರಮ್ಮ.

"ನಾಳೆವರೆಗೆ ಆಚೆ ಕಡೆ ಕಾಣುವಂಥದ್ದು ಮಾತ್ರ ಕೊಡಪ್ಪಾ."

ಕೊಟ್ಟ. ಮಾರನೇ ದಿನ ಕೊಳವೆ ಹಾಕಿದರೆ ಕರುಳೇ ಕಾಣಲಿಲ್ಲ!

"ಏನು ಕೊಟ್ಟೆಯೋ?"

"ಉದ್ದಿನ ವಡೆ. ತೂತಿನಿಂದ ನೋಡಿದೆ. ಆಚೆ ಕಡೆ ಬಸ್‌ಸ್ಟ್ಯಾಂಡು ಕಾಣ್ತಿತ್ತು!"

"ಅಯ್ಯೋ ಪೆದ್ದೇ! ನೀರು, ಎಳನೀರು, ಅಷ್ಟೇ!"

ಎರಡನೇ ಸಲ ಕರುಳು ಕಂಡಿತು. ಒಳಗಿದ್ದ ಸಣ್ಣ ಗಂಟನ್ನು ಕೊಯ್ದು ತೆಗೆದರು. ಡಾಕ್ಟರಮ್ಮ ತಿಪ್ಪೇಶನಿಗೆ ಹೇಳಿದರು, "ಕೊಯ್ದ ಜಾಗದಿಂದ ರಕ್ತ ಸುರೀಬಹುದು. ಕರುಳು ತೂತಾಗಲೂಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಜ್ವರ ಬಂದರೆ, ರಕ್ತ ಹೋದರೆ ತಕ್ಷಣ ಓಡಿ ಬಾ!"

ಮೂರನೇ ದಿನ ಓಬಳಮ್ಮ ಬಚ್ಚಲಿನಿಂದ ಕೂಗಿದಳು. "ತಿಪ್ಪಾ, ರಕ್ತ ನಿಲ್ತಿಲ್ಲ ಕಣೋ!"

ತಿಪ್ಪೇಶ ಓಡಿದ. ಓಡಿದವನು ಓಡಿದನೇ.

ಅವಳು ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ಬೀದಿ ಖಾಲಿ. ಕಣ್ಣು ಮಂಜಾಗುತ್ತಿತ್ತು. ಆಟೋ ತರಲು ಹೋದನೇ? ಅವಳಿಗೆ ಮಗ ಗೊತ್ತು. ಆಟೋ ತರಲು ಹೋಗಿರಲಾರ.

"ಓಡಿ ಬಂದೆ!" ಅಂದ ಅವನು ಆಸ್ಪತ್ರೆಯಲ್ಲಿ, ಏದುಸಿರು ಬಿಡುತ್ತಾ.

"ನಿಮ್ಮಮ್ಮ ಎಲ್ಲೋ?"

"ಮನೇಲಿ. ಓಡಿ ಬಾ ಅಂದಿದ್ದು ನನಗಲ್ವಾ?"

"ಅಯ್ಯೋ ಕರ್ಮವೇ! ಆಂಬುಲೆನ್ಸ್ ಹತ್ತು, ನಡಿ! ಇನ್ನು ಅಮ್ಮನ ಕೈ ಬಿಟ್ಟೀಯೆ, ಜೋಕೆ!"

ಬಿಡಲಿಲ್ಲ. ದಾರಿಯುದ್ದಕ್ಕೂ ಬಿಡಲಿಲ್ಲ. ರಕ್ತ ನಿಲ್ಲಿಸಲು ಮತ್ತೆ ಕೊಳವೆ ಹಾಕಬೇಕು. ಆ ಕೋಣೆಯ ಬಾಗಿಲಲ್ಲೂ ಬಿಡಲಿಲ್ಲ. ನರ್ಸು ಕಾಗದ ಹಿಡಿದು ಸರಸರ ಓದಿದಳು. "ಸಾವಿರ ಜನರಲ್ಲಿ ಒಬ್ಬರಿಗೆ ಕರುಳು ತೂತಾಗಬಹುದು. ಸಹಿ ಹಾಕು."

"ನಮ್ಮವ್ವ ಎಷ್ಟನೆಯವಳು?"

"ಯಾರಿಗೆ ಗೊತ್ತೋ ಅದು!"

"ಗೊತ್ತಾಗೋವರೆಗೂ ಕೈ ಬಿಡಲ್ಲ!"

ಹಾಸಿದ ಬಟ್ಟೆ ಕೆಂಪಾಗುತ್ತಿತ್ತು. ಡಾಕ್ಟರಮ್ಮ ಬೈದರು. ಮಾರಕ್ಕ ರಟ್ಟೆ ಹಿಡಿದು ಎಳೆದಳು. ಅವನು ಅಲುಗಲಿಲ್ಲ. ಓಬಳಮ್ಮನಿಗೆ ಮಾತು ದೂರದಿಂದ ಕೇಳುತ್ತಿತ್ತು. ಇದೊಂದು ಉಸಿರು ಉಳಿದಿದೆ, ಇದನ್ನು ಸರಿಯಾಗಿ ಖರ್ಚು ಮಾಡಬೇಕು ಅಂದುಕೊಂಡಳು.

"ತಿಪ್ಪಾ, ನಾನು ಸಾವಿರದೊಂದನೆಯವಳು ಕಣೋ. ಆಗಲೇ ಕೇಳ್ಕೊಂಡಿದೀನಿ. ಬಿಡಪ್ಪಾ."

ಬಿಟ್ಟ. ಸಹಿಯನ್ನೂ ಹಾಕಿದ.

ಒಳಗೆ ಕ್ಲಿಪ್ ಹಾಕಿದರು. ರಕ್ತ ನಿಂತಿತು. ಕರುಳಿಗೆ ಏನೂ ಆಗಲಿಲ್ಲ. ಕಣ್ಣು ಬಿಟ್ಟವಳೇ ಓಬಳಮ್ಮ ಕೇಳಿದಳು, "ಎಲ್ಲಿ ನನ್ನ ಮಗ?"

ಮಗ ವಾರ್ಡಿನಲ್ಲಿದ್ದ. ಅವಳಿಗಿಂತ ಮುಂಚೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಮೇಷ್ಟ್ರನ್ನು ಹುಡುಕಿ, ಹೊದಿಕೆ ಎತ್ತಿ, ಹೊಟ್ಟೆಗೆ ಕಿವಿ ಇಟ್ಟು ಗೊಳೋ ಅಂತಿದ್ದ. "ಸಾವಿರನೆಯವರು ನೀವೇ ಕಣ್ರೀ ಮೇಷ್ಟ್ರೇ! ಏಳಬೇಡಿ, ತೂತಾಗೈತೆ!"

ಏನೂ ಆಗದ ಮೇಷ್ಟ್ರು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ.

ನಾನು ಕೇಳಿದ್ದು ಇಷ್ಟು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರು ಉಗುರು ಕಚ್ಚುತ್ತಾ ಕೂತಿದ್ದರೆ, ಅವರ ಕಿವಿಗೂ ಹಾಕಿ.