ಇಲ್ಲದ ತಂಗಿಯ ಮಾತು

"ಗುರುಗಳೇ, ಇಲ್ಲದ್ದನ್ನು ಹೇಳುವುದಕ್ಕೆ ಇಂಗ್ಲಿಷಿನವರಿಗೆ ಇಷ್ಟೊಂದು ಪದಗಳು ಯಾಕೆ ಬೇಕು?" ಎಂದು ಗಂಗಾಂಬಿಕೆ ಕೇಳಿದಳು.

ಚೆನ್ನಮಲ್ಲಯ್ಯನವರು ಮಠದ ಪಾಠಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಂಗಾಂಬಿಕೆ ಅವರ ಹಿರಿಯ ಶಿಷ್ಯೆ. ಬರುವ ವರ್ಷ ತಾನೂ ಒಂದು ಶಾಲೆಗೆ ಕಲಿಸಲು ಹೋಗುವವಳು. 'ಇಫ್' ಎಂದು ಶುರುವಾಗುವ ವಾಕ್ಯಗಳ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಆಗಿಯೇ ತೀರುವುದಕ್ಕೆ ವಿಲ್. ಆದರೂ ಆಗಬಹುದು, ಆಗದೆಯೂ ಇರಬಹುದು ಎನ್ನುವುದಕ್ಕೆ ಮೇ. ಬರಿಯ ಕಲ್ಪನೆಗೆ ವುಡ್. ಕೈಮೀರಿ ಹೋದದ್ದಕ್ಕೆ ವುಡ್ ಹ್ಯಾವ್. ಬರೆಯಲು ಕೂತರೆ ಅವಳು ತಪ್ಪುತ್ತಿರಲಿಲ್ಲ. ಮಾತಿಗೆ ನಿಂತಾಗ ಮಾತ್ರ ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಆಡಿಬಿಡುತ್ತಿದ್ದಳು. ಅಂದು ಬೆಳಗಿನ ಪಾಠದಲ್ಲಿ ಗುರುಗಳು ಅವಳನ್ನು ಮತ್ತೆ ಮತ್ತೆ ತಿದ್ದಿದ್ದರು.

"ವಿಲ್ ಅನ್ನುವ ಕಡೆ ಮೇ ಅಂದರೆ, ಮೇ ಅನ್ನುವ ಕಡೆ ವಿಲ್ ಅಂದರೆ, ಕೇಳಿದವರಿಗೆ ತಿಳಿಯುವುದಿಲ್ಲವೇ? ಅಷ್ಟು ಚಿಕ್ಕ ಪದದಿಂದ ಏನು ಮುಳುಗಿಹೋಗುತ್ತದೆ?" ಎಂದು ಅವಳು ಮತ್ತೆ ಕೇಳಿದಳು.

ಗುರುಗಳು ಪುಸ್ತಕ ಮುಚ್ಚಿದರು. ಅವಳನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರ ಹೊರಗೆ ಒಂದು ಆಸ್ಪತ್ರೆ ಇತ್ತು. ಅಲ್ಲಿಗೆ ಸಮುದ್ರದಾಚೆಯಿಂದ ಒಬ್ಬ ವೈದ್ಯೆ ಬಂದಿದ್ದಳು. ಊರವರು ಅವಳನ್ನು ದೊರೆಸಾನಿ ಎನ್ನುತ್ತಿದ್ದರು. ಕೈಗುಣ ಚೆನ್ನಾಗಿತ್ತು. ಕನ್ನಡ ಮಾತ್ರ 'ನೋವು ಎಲ್ಲಿ', 'ಬಾಯಿ ತೆರೆ' ಎನ್ನುವುದರಾಚೆಗೆ ಬಂದಿರಲಿಲ್ಲ. ಹೀಗಾಗಿ ಒಬ್ಬ ತರುಣಿ ಆಕೆಯ ಮಗ್ಗುಲಲ್ಲಿ ಸದಾ ನಿಂತಿರುತ್ತಿದ್ದಳು. ದೊರೆಸಾನಿಯ ಮಾತನ್ನು ರೋಗಿಗೆ, ರೋಗಿಯ ಮಾತನ್ನು ದೊರೆಸಾನಿಗೆ ತಿಳಿಸುವುದು ಅವಳ ಕೆಲಸ. ಅವಳನ್ನು ಎಲ್ಲರೂ ದುಭಾಷಿ ಎಂದೇ ಕರೆಯುತ್ತಿದ್ದರು.

ದುಭಾಷಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ ಇತ್ತು. ದೊರೆಸಾನಿಯ ಬಾಯಿಂದ ಹೊರಟ ಇಂಗ್ಲಿಷ್ ನೆಲ ಮುಟ್ಟುವ ಮೊದಲೇ ಇವಳ ಬಾಯಲ್ಲಿ ಕನ್ನಡವಾಗುತ್ತದೆ ಎಂದು ಜನ ಹೊಗಳುತ್ತಿದ್ದರು. ಅವಳು ಒಂದು ಮಾತನ್ನೂ ಕೂಡಿಸುತ್ತಿರಲಿಲ್ಲ, ಒಂದನ್ನೂ ಕಳೆಯುತ್ತಿರಲಿಲ್ಲ.

ಒಂದು ದಿನ ನಡುಹಗಲು ಒಬ್ಬ ಗಾಣಿಗ ತನ್ನ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ನಾಟಿ ಔಷಧ ಆಗಿತ್ತು, ಹರಕೆ ಆಗಿತ್ತು. ಈಗ ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ದೊರೆಸಾನಿ ಹೊಟ್ಟೆಯನ್ನು ಒತ್ತಿ ನೋಡಿದಳು. ನೋಡಿ ದುಭಾಷಿಯ ಕಡೆ ತಿರುಗಿ ನಾಲ್ಕು ಮಾತು ಹೇಳಿದಳು.

"ಗಡ್ಡೆಯನ್ನು ಕೊಯ್ದು ತೆಗೆದರೆ ಬದುಕಬಹುದು. ತೆಗೆಯದಿದ್ದರೆ ಸಾಯುತ್ತಾಳೆ. ಇವತ್ತೇ ಆಗಬೇಕು" ಎಂದು ದುಭಾಷಿ ಗಾಣಿಗನಿಗೆ ಹೇಳಿದಳು.

ಗಾಣಿಗ ಹಿಂಜರಿದ. ಅವನ ಊರಿನಿಂದ ಹಿಂದೆ ಆಸ್ಪತ್ರೆಗೆ ಬಂದವನೊಬ್ಬ ಹೆಣವಾಗಿ ಮರಳಿದ್ದ. ಕೊಯ್ಯುವುದೆಂದರೆ ಕೊಲ್ಲುವುದು ಎಂದೇ ಊರು ನಂಬಿತ್ತು. ಹೆಂಡತಿಯ ಅಣ್ಣಂದಿರು ಬೇಡವೆಂದರೂ ಇವನು ಗಾಡಿ ಕಟ್ಟಿದ್ದ.

"ಸಾಯುವುದಕ್ಕೆ ಗಟ್ಟಿ ಮಾತು ಹೇಳುತ್ತಾರೆ. ಬದುಕುವುದಕ್ಕೆ ಬಹುದು ಅನ್ನುತ್ತಾರೆ. ಇದೆಂಥ ನ್ಯಾಯ ಅಕ್ಕಾ?" ಎಂದ. "ಬದುಕುತ್ತಾಳೆ ಅಂತ ಒಂದು ಮಾತು ಕೊಡಲಿ. ಈ ಗಳಿಗೆಯಲ್ಲೇ ಒಳಗೆ ಕಳಿಸುತ್ತೇನೆ."

ದುಭಾಷಿ ಅದನ್ನು ತಿಳಿಸಿದಳು. ದೊರೆಸಾನಿ ತಲೆ ಅಲ್ಲಾಡಿಸಿದಳು. ಮೊದಲು ಹೇಳಿದ ಮೇ, ಮೇ ಆಗಿಯೇ ಉಳಿಯಿತು.

ದುಭಾಷಿ ಗಾಣಿಗನ ಮುಖ ನೋಡಿದಳು. ಅವನು ಒಂದು 'ತ್ತಾಳೆ'ಗಾಗಿ ಕಾದು ನಿಂತಿದ್ದ. ಅದನ್ನು ಕೊಟ್ಟುಬಿಡುವುದು ಎಷ್ಟು ಸುಲಭ ಎಂದು ಅವಳಿಗೆ ಅನ್ನಿಸಿತು. ದೊರೆಸಾನಿಗೆ ಗೊತ್ತಾಗುವುದಿಲ್ಲ. ಗಾಣಿಗನಿಗೂ ಗೊತ್ತಾಗುವುದಿಲ್ಲ. ಹೆಂಗಸಿಗೆ ಚಿಕಿತ್ಸೆ ಸಿಗುತ್ತದೆ. ಅವಳ ಗಂಟಲವರೆಗೂ ಆ ಮಾತು ಬಂತು. ಅವಳು ಅದನ್ನು ಹೊರಗೆ ಬಿಡಲಿಲ್ಲ.

"ಬಹುದು ಅಂತಲೇ ಹೇಳುತ್ತಾರೆ ಅಣ್ಣಾ" ಎಂದಳು.

ಗಾಣಿಗ ಊರಿಗೆ ಮರಳಲೆಂದು ಎತ್ತುಗಳ ಹಗ್ಗ ಬಿಚ್ಚಲು ಬಾಗಿಲ ಕಡೆ ಹೋದ. ಆಗ ಮಂಚದ ಮೇಲೆ ಮಲಗಿದ್ದ ಅವನ ಹೆಂಡತಿ ದುಭಾಷಿಯ ಸೆರಗು ಹಿಡಿದಳು.

"ಅವ್ವಾ, ಆಕೆಯನ್ನು ಒಂದು ಕೇಳು. ಒಡಹುಟ್ಟಿದ ತಂಗಿಯೇ ಹೀಗೆ ಬಂದು ಮಲಗಿದರೆ ಏನು ಮಾಡುತ್ತಾಳಂತೆ?"

ದುಭಾಷಿ ಕೇಳಿದಳು. ದೊರೆಸಾನಿ ತಡಮಾಡಲಿಲ್ಲ. ನೇರವಾಗಿ ಆ ಹೆಂಗಸನ್ನೇ ನೋಡುತ್ತ ಉತ್ತರ ಹೇಳಿದಳು. ಮಾತಿನಲ್ಲಿ ಇಫ್ ಇತ್ತು, ವುಡ್ ಇತ್ತು. ದುಭಾಷಿ ಎರಡನ್ನೂ ನಿಯಮ ತಪ್ಪದಂತೆ ಕನ್ನಡಕ್ಕೆ ತಂದಳು.

"ನೀನು ನನ್ನ ತಂಗಿಯಾಗಿದ್ದರೆ ಈಗಲೇ ಕೊಯ್ದು ತೆಗೆಯುತ್ತಿದ್ದೆ ಅನ್ನುತ್ತಾರೆ."

ಹೆಂಗಸಿನ ಕೈ ಸೆರಗನ್ನು ಬಿಟ್ಟಿತು. ಗಾಣಿಗ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ.

"ಕೇಳಿದೆಯಾ?" ಎಂದು ಹೆಂಡತಿಗೆ ಹೇಳಿದ. "ತಂಗಿಯಾಗಿದ್ದರೆ ತೆಗೆಯುತ್ತಿದ್ದಳಂತೆ. ನೀನು ಎಲ್ಲಿಯ ತಂಗಿ? ನಡಿ, ನಮ್ಮ ಮನೆಗೆ ಹೋಗೋಣ."

ಅವನು ಅವಳನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಮಲಗಿಸಿದ. ಎತ್ತುಗಳು ಊರ ದಾರಿ ಹಿಡಿದವು.

ಒಪ್ಪಿದರೆಂದುಕೊಂಡು ಸಿದ್ಧತೆಗೆ ಒಳಗೆ ಹೋಗಿದ್ದ ದೊರೆಸಾನಿ ಕಿಟಕಿಯಿಂದ ನೋಡಿ ಗಾಬರಿಯಾದಳು. ಏಕೆ ಹೊರಟರು, ನೀನು ಏನು ಹೇಳಿದೆ ಎಂದು ದುಭಾಷಿಯನ್ನು ಕೇಳಿದಳು. ನೀವು ಹೇಳಿದ್ದನ್ನೇ ಹೇಳಿದೆ ಎಂದು ದುಭಾಷಿ ಉತ್ತರಿಸಿದಳು.

"ನಾನು ಹೇಳಿದ್ದು ಉಳಿದುಕೊಳ್ಳಿ ಎಂದು" ಎಂದಳು ದೊರೆಸಾನಿ.

ದುಭಾಷಿ ತನ್ನ ಬಾಯಿಂದ ಹೋದ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಂಡಳು. ತಂಗಿಯಾಗಿದ್ದರೆ ತೆಗೆಯುತ್ತಿದ್ದೆ. ಈ ಸಲ ಅದನ್ನು ಗಾಣಿಗನ ಕಿವಿಯಿಂದ ಕೇಳಿದಳು. ಆಗಿದ್ದರೆ ಎಂದರೆ ನೀನು ಆಗಿಲ್ಲ. ತೆಗೆಯುತ್ತಿದ್ದೆ ಎಂದರೆ ಈಗ ತೆಗೆಯುವುದಿಲ್ಲ. ಇಂಗ್ಲಿಷಿನಲ್ಲಿ ಅದು ಬಾ ಎಂದು ಕರೆದ ಮಾತು. ಅವಳು ತಂದ ಕನ್ನಡದಲ್ಲಿ ಅದು ಹೋಗು ಎಂದು ಕಳಿಸಿದ ಮಾತಾಗಿತ್ತು. ನಿಯಮ ಎಲ್ಲಿಯೂ ತಪ್ಪಿರಲಿಲ್ಲ. ಅರ್ಥ ಮಾತ್ರ ಮಗುಚಿಬಿದ್ದಿತ್ತು.

ಅವಳು ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಓಡಿದಳು. ಬಿಸಿಲಿಗೆ ನೆಲ ಕಾದಿತ್ತು. ಗಾಡಿ ಹಳ್ಳ ಇಳಿಯುವ ಹೊತ್ತಿಗೆ ಅವಳು ಹೋಗಿ ಎತ್ತಿನ ಹಗ್ಗ ಹಿಡಿದಳು. ಏದುಸಿರು ಇಳಿಯುವ ತನಕ ಮಾತು ಹೊರಡಲಿಲ್ಲ.

"ಅಣ್ಣಾ, ದೊರೆಸಾನಿಯ ಮಾತು ಸರಿಯಿತ್ತು. ನಾನು ತಿಳಿಸಿದ್ದು ತಪ್ಪಾಯಿತು" ಎಂದಳು. "ಅವರು ಒಲ್ಲೆ ಅಂದಿಲ್ಲ. ತಂಗಿಗೆ ಏನು ಮಾಡುತ್ತಿದ್ದರೋ ನಿನ್ನ ಹೆಂಡತಿಗೂ ಅದನ್ನೇ ಮಾಡುತ್ತಾರೆ. ನೀನೂ ಒಪ್ಪಿಕೋ ಅನ್ನುತ್ತಿದ್ದಾರೆ. ಅವರ ಭಾಷೆಯಲ್ಲಿ ಬುದ್ಧಿ ಹೇಳುವುದು ಹಾಗೆಯೇ."

ಗಾಣಿಗ ಅವಳನ್ನು ಅಳೆಯುವವನಂತೆ ನೋಡಿದ.

"ಹಾಗಾದರೆ ಬದುಕುತ್ತಾಳೆ ಅಂದಂತೆ ಆಯಿತಲ್ಲ?"

ಈಗ ದೊರೆಸಾನಿ ಹತ್ತಿರದಲ್ಲಿ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಅವರು ಮೂವರೇ. ಹೂಂ ಎಂದರೆ ಸಾಕು, ಗಾಡಿ ತಿರುಗುತ್ತದೆ. ಒಮ್ಮೆ ತಪ್ಪು ಹೇಳಿ ಒಂದು ಜೀವವನ್ನು ಸಾವಿನ ದಾರಿಗೆ ಹಾಕಿದವಳಿಗೆ ಆ ಹೂಂ ಎಷ್ಟು ಬೇಕಾಗಿತ್ತು ಎಂಬುದು ಅವಳಿಗೇ ಗೊತ್ತು.

"ಇಲ್ಲ ಅಣ್ಣಾ" ಎಂದಳು. "ಕೊಯ್ಯುತ್ತೇನೆ ಅನ್ನುವುದು ಗಟ್ಟಿ ಮಾತು. ಅದನ್ನು ಅವರು ಕೊಡುತ್ತಾರೆ. ಬದುಕುವುದು ಇನ್ನೂ ಬಹುದು. ಒಡಹುಟ್ಟಿದವಳಾಗಿದ್ದರೂ ಅವರು ಅದಕ್ಕಿಂತ ಹೆಚ್ಚಿಗೆ ಹೇಳುತ್ತಿರಲಿಲ್ಲ."

ಗಾಡಿಯೊಳಗಿಂದ ಅವನ ಹೆಂಡತಿ ಮಾತಾಡಿದಳು. ಧ್ವನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ.

"ಗಾಡಿ ತಿರುಗಿಸಿರಿ. ಸಾಯುತ್ತೀ ಅನ್ನುವುದನ್ನು ನನ್ನೆದುರೇ ಹೇಳಿದರು. ಅಂಥವರು ಬದುಕಬಹುದು ಅಂದರೆ ನನಗೆ ಅಷ್ಟು ಸಾಕು."

ಗಾಣಿಗ ಗಾಡಿ ತಿರುಗಿಸಿದ. ದುಭಾಷಿ ಗಾಡಿಯ ಪಕ್ಕದಲ್ಲೇ ನಡೆದಳು. ಹೆಂಗಸು ಅವಳ ಕೈಯನ್ನು ಆಸ್ಪತ್ರೆಯ ಬಾಗಿಲ ತನಕ ಬಿಡಲಿಲ್ಲ.

ಹೊರಗೆ ನೆರಳು ಉದ್ದವಾಗುವವರೆಗೂ ಒಳಗಿನ ಬಾಗಿಲು ತೆರೆಯಲಿಲ್ಲ. ಗಾಣಿಗ ಎತ್ತುಗಳಿಗೆ ನೀರು ಕುಡಿಸಿದ. ಮತ್ತೆ ಕುಡಿಸಲು ಹೋದ. ಅವು ಮುಖ ತಿರುಗಿಸಿದವು. ಕೊನೆಗೆ ದೊರೆಸಾನಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಎರಡೇ ಮಾತು ಹೇಳಿದಳು. ದುಭಾಷಿ ಬಾಯಿ ತೆರೆಯುವ ಮೊದಲೇ ಗಾಣಿಗ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತ. ದೊರೆಸಾನಿಯ ಮುಖದ ನಗುವನ್ನು ಓದಲು ಅವನಿಗೆ ಯಾರೂ ಬೇಕಾಗಿರಲಿಲ್ಲ.

ಹೆಂಗಸು ಮೇಲೆದ್ದಳು. ಗಂಜಿ ಕುಡಿದಳು. ಹಿತ್ತಲಲ್ಲಿ ನಾಲ್ಕು ಹೆಜ್ಜೆ ನಡೆದಳು. ಅವಳು ಊರಿಗೆ ಹೊರಟ ದಿನ ದೊರೆಸಾನಿ ಗಾಡಿಯ ಬಳಿ ಬಂದು ಏನೋ ಹೇಳಿದಳು. ಅದರಲ್ಲಿಯೂ ಇಫ್ ಇತ್ತು. ದುಭಾಷಿ ಅವಸರ ಮಾಡಲಿಲ್ಲ. ಆ ಮಾತು ಈ ಕಿವಿಗೆ ಹೇಗೆ ಕೇಳುತ್ತದೆ ಎಂದು ಮೊದಲು ತೂಗಿ ನೋಡಿದಳು. ಈ ಸಲ ಎರಡು ಭಾಷೆಯೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು.

"ಅಂದು ಹಾಗೆಯೇ ಹೋಗಿಬಿಟ್ಟಿದ್ದರೆ ನೀನು ಸತ್ತುಹೋಗಿರುತ್ತಿದ್ದೆ ಅನ್ನುತ್ತಾರೆ" ಎಂದಳು.

"ಇದು ನನಗೆ ತಿಳಿಯಿತು" ಎಂದು ಹೆಂಗಸು ನಕ್ಕಳು. "ಹೋಗಲಿಲ್ಲ, ಸಾಯಲಿಲ್ಲ."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗಂಗಾಂಬಿಕೆಯ ಮುಖ ಅರಳಿತ್ತು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೂ ಒಂದು ಎಳೆ ಅವಳನ್ನು ಬಿಡಲಿಲ್ಲ.

"ಗುರುಗಳೇ, ವುಡ್ ವಿಷಯ ಒಪ್ಪಿದೆ. ಮೇ ವಿಷಯ ಇನ್ನೂ ಒಪ್ಪಲಾರೆ" ಎಂದಳು. "ಹಳ್ಳದ ದಂಡೆಯಲ್ಲಿ ದುಭಾಷಿ ಬದುಕುತ್ತಾಳೆ ಎಂದೇ ಹೇಳಿದ್ದರೂ ಆ ಹೆಂಗಸು ಬದುಕುತ್ತಿದ್ದಳಲ್ಲವೇ? ಹಾಗೆ ಹೇಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?"

"ಅದರ ಮುಂದಿನ ವಾರ ಬಂದ ಇನ್ನೊಬ್ಬ ಹೆಂಗಸು ಬದುಕಲಿಲ್ಲ, ಅವಳ ಗಂಡನಿಗೂ ದುಭಾಷಿ ಬದುಕಬಹುದು ಎಂದೇ ಹೇಳಿದ್ದಳು. ಬದುಕುತ್ತಾಳೆ ಎಂದಿದ್ದರೆ ಆಮೇಲೆ ಅವಳ ಮಾತನ್ನು ಯಾರು ನಂಬುತ್ತಿದ್ದರು?" ಎಂದರು ಗುರುಗಳು.