ಕಾಲ ಮೇಲೆ ಕಾಲು

"ಸಾಹುಕಾರರೇ, ನಾನು ಕಲಿಯುವುದು ಇನ್ನೇನಾದರೂ ಬಾಕಿ ಇದೆಯೇ?" ಎಂದು ಕಲ್ಮೇಶ ಕೇಳಿದ.

ಉಳವಪ್ಪ ಸಾಹುಕಾರರು ಸಗಟು ಜವಳಿ ವ್ಯಾಪಾರಿ. ಕಲ್ಮೇಶ ಆರು ವರ್ಷ ಅವರ ಕೈಕೆಳಗೆ ಕೆಲಸ ಕಲಿತವನು. ಬರುವ ಸೋಮವಾರ ಸ್ವಂತ ಅಂಗಡಿ ತೆರೆಯುವವನಿದ್ದ. ಮೂರು ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಏನೇನು ಕಲಿತಿದ್ದೀಯ, ನೀನೇ ಹೇಳು," ಎಂದರು ಸಾಹುಕಾರರು.

"ಗಿರಾಕಿ ಮೆಟ್ಟಿಲು ಹತ್ತುವಾಗಲೇ ಏನು ಬೇಕೆಂದು ಗೊತ್ತಾಗುತ್ತದೆ. ಕೈ ಪಳಗಿದೆ, ಕಣ್ಣು ಪಳಗಿದೆ. ನೀವು ಇವತ್ತೇ ತೆರೆ ಅಂದರೆ ಇವತ್ತೇ ಬಾಗಿಲು ತೆಗೆಯುತ್ತೇನೆ."

"ಸೋಮವಾರದವರೆಗೆ ತಡೆದುಕೋ. ಬಾಗಿಲಿನ ಬಣ್ಣ ಇನ್ನೂ ಒಣಗಿಲ್ಲ. ಕೂತುಕೊಂಡು ಒಂದು ಕತೆ ಕೇಳು. ಜವಳಿಯದಲ್ಲ, ಕೂದಲಿನದು."

ಕಲ್ಮೇಶ ಕೂತ. ಸಾಹುಕಾರರು ಹೇಳತೊಡಗಿದರು.

ಒಬ್ಬ ಹೆಂಗಸು ದರ್ಜಿಯ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಹನ್ನೊಂದು ವರ್ಷ ಅದೇ ಕೆಲಸ. ಒಂದು ದಿನ ಎದುರಿನ ಮಳಿಗೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಪಾರ್ಲರ್ ಶುರುವಾಯಿತು. ಬಾಗಿಲು ಗಾಜಿನದು. ಒಳಗೆ ಒಡತಿಯ ಕೈಯಲ್ಲಿ ಕತ್ತರಿ ಆಡುವುದು ಬೀದಿಗೆ ಕಾಣುತ್ತಿತ್ತು. ಗುಂಡಿ ಹಚ್ಚುವವಳು ಅದನ್ನು ನೋಡಿದಳು. ಅಂದು ನಾಲ್ಕು ಅಂಗಿಗಳಿಗೆ ಗುಂಡಿಯನ್ನು ಒಳಮೈಗೆ ಹಚ್ಚಿದಳು. ದರ್ಜಿ ಬೈದ. ಅವಳಿಗೆ ಬೈಗುಳ ಕೇಳಿಸಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಆ ಗಾಜಿನ ಬಾಗಿಲು ತಳ್ಳಿದಳು.

ಪಾರ್ಲರಿನ ಒಡತಿ ಅವಳ ಬೆರಳುಗಳನ್ನು ಹಿಡಿದು ನೋಡಿದಳು. ಆಮೇಲೆ ಕರಾರು ಹೇಳಿದಳು.

"ಆರು ತಿಂಗಳು ಕಲಿ. ಆಮೇಲೆ ಒಂದು ದಿನ, ಬಾಗಿಲೊಳಗೆ ಮೊದಲು ಬಂದ ಗಿರಾಕಿಯನ್ನು ನಿನಗೆ ಬಿಡುತ್ತೇನೆ. ನಾನು ನೋಡುತ್ತೇನೆ, ಬಾಯಿ ಬಿಡುವುದಿಲ್ಲ. ನನಗೆ ಒಪ್ಪಿಗೆಯಾದರೆ ಎರಡನೆಯ ಕುರ್ಚಿ ನಿನ್ನದು. ಇಲ್ಲವಾದರೆ ದರ್ಜಿ ಇನ್ನೂ ಅಲ್ಲೇ ಇರುತ್ತಾನೆ."

ಹೆಂಗಸು ಒಪ್ಪಿದಳು.

ಮೇಜಿನ ಅಂಚಿಗೆ ಒಂದು ಬೊಂಬೆ ತಲೆಯನ್ನು ಬಿಗಿದಿದ್ದರು. ಅದರ ಮೇಲೆ ಅವಳ ಅಭ್ಯಾಸ. ಬೈತಲೆ ತೆಗೆದು ತಲೆಯನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕುವುದನ್ನು ಕಲಿತಳು. ಒದ್ದೆ ಕೂದಲು ಒಣಗಿದ ಮೇಲೆ ಮೇಲಕ್ಕೇರುತ್ತದೆ, ಆದ್ದರಿಂದ ಒಂದು ಬೆರಳಷ್ಟು ಉದ್ದ ಬಿಟ್ಟೇ ಕತ್ತರಿಸಬೇಕೆಂದು ಕಲಿತಳು. ಕೂದಲನ್ನು ಎರಡು ಬೆರಳ ನಡುವೆ ಹಿಡಿಯಬೇಕು, ಎಳೆಯಬಾರದು. ಕತ್ತರಿಯಲ್ಲಿ ಹೆಬ್ಬೆರಳು ಮಾತ್ರ ಆಡಬೇಕು, ಉಳಿದ ಕೈ ಅಲುಗಬಾರದು. ಮೊದಲ ತಿಂಗಳು ಹೆಬ್ಬೆರಳು ಊದಿಕೊಂಡಿತು. ಎರಡನೆಯ ತಿಂಗಳು ಅದು ಹೇಳಿದ ಮಾತು ಕೇಳಿತು. ಮೂರನೆಯ ತಿಂಗಳು ಅವಳಿಗೆ ಹುಚ್ಚು ಹಿಡಿಯಿತು. ಕಂಡ ತಲೆಯನ್ನೆಲ್ಲ ಕಣ್ಣಿನಲ್ಲೇ ಕತ್ತರಿಸತೊಡಗಿದಳು. ಬಸ್ಸಿನಲ್ಲಿ ಮುಂದೆ ಕೂತವರ ಬೆನ್ನ ಹಿಂದೆ ಅವಳ ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು. ಒಂದು ದಿನ ಮನೆಯಲ್ಲಿ ಜಮಖಾನೆಯ ಅಂಚಿನ ಕುಚ್ಚುಗಳನ್ನು ಸಮ ಮಾಡಿ ಕತ್ತರಿಸಿಬಿಟ್ಟಳು.

ಅತ್ತೆ ನೋಡಿದಳು. "ಜಮಖಾನೆ ಆಯಿತು. ಇನ್ನು ಎಮ್ಮೆಯ ಬಾಲ ಮುಟ್ಟಿದೆಯೋ, ನೀನೇ ಕೊಟ್ಟಿಗೆಯಲ್ಲಿ ಮಲಗಬೇಕು," ಎಂದಳು.

ಆರು ತಿಂಗಳಾಯಿತು. ಬೊಂಬೆ ತಲೆಯ ಮೇಲೆ ಅವಳು ಕತ್ತರಿಸಿದ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ಬರುತ್ತಿತ್ತು. ಪರೀಕ್ಷೆಯ ದಿನ ಅವಳು ಪಾರ್ಲರ್ ತೆರೆಯುವುದಕ್ಕೆ ಒಂದು ತಾಸು ಮೊದಲೇ ಬಂದು ಬಾಗಿಲ ಮುಂದೆ ನಿಂತಿದ್ದಳು.

ಅಂದು ಮೊದಲು ಬಂದ ಗಿರಾಕಿ ಅಕ್ಕಿ ಗಿರಣಿಯ ಯಜಮಾನಿ. ಆ ಬೀದಿಯ ಅರ್ಧ ಮಳಿಗೆಗಳು ಅವಳವು. ಪಾರ್ಲರ್ ಇದ್ದ ಮಳಿಗೆಯೂ ಅವಳದೇ. ಕಲಿಯುವವಳ ಗಂಡ ಅವಳ ಗಿರಣಿಯಲ್ಲಿ ಮೂಟೆ ಹೊಲಿಯುವವನು. ಅವಳ ಮುಂದೆ ದೊಡ್ಡ ದೊಡ್ಡ ದಲ್ಲಾಳಿಗಳೇ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

"ಕುತ್ತಿಗೆಯ ಮಟ್ಟಕ್ಕೆ ಬೇಕು. ಸುತ್ತಲೂ ಒಂದೇ ಸಮ ಇರಬೇಕು," ಎಂದು ಯಜಮಾನಿ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದಳು.

ಕಲಿಯುವವಳು ಅವಳ ಕೊರಳಿಗೆ ಬಟ್ಟೆ ಕಟ್ಟಿದಳು. ಬಟ್ಟೆಯ ಕೆಳಗೆ ಒಂದು ಚಪ್ಪಲಿ ಮಾತ್ರ ನೆಲದ ಮೇಲಿತ್ತು. ಇನ್ನೊಂದು ಗಾಳಿಯಲ್ಲಿ ಆಡುತ್ತಿತ್ತು. ಅದನ್ನು ಅವಳು ನೋಡಿದಳು.

ಒಡತಿ ಮೊದಲ ವಾರವೇ ಹೇಳಿಕೊಟ್ಟಿದ್ದಳು. ಗಿರಾಕಿಯ ಎರಡೂ ಪಾದ ಕೆಳಗೆ ಊರಿರಬೇಕು. ಕಾಲ ಮೇಲೆ ಕಾಲು ಹಾಕಿದರೆ ಒಂದು ಸೊಂಟ ಏಳುತ್ತದೆ, ಭುಜ ಓರೆಯಾಗುತ್ತದೆ, ಕುತ್ತಿಗೆ ವಾಲುತ್ತದೆ. ಆಗ ನೇರವಾಗಿ ಕತ್ತರಿಸಿದ್ದು, ಗಿರಾಕಿ ಎದ್ದು ನಿಂತಾಗ ಸೊಟ್ಟಗೆ ಕಾಣುತ್ತದೆ. ಆ ಮಾತನ್ನು ಅವಳು ಮರೆತಿರಲಿಲ್ಲ. ಆದರೆ ಬೊಂಬೆ ತಲೆಗೆ ಕಾಲಿರಲಿಲ್ಲ, ಗಿರಣಿಯೂ ಇರಲಿಲ್ಲ. ಇಂಥವರಿಗೆ ಕಾಲು ಇಳಿಸಿ ಎನ್ನುವುದು ಹೇಗೆ? ಹೇಗೂ ಕೈ ಪಳಗಿದೆ, ಸರಿದೂಗಿಸಿಕೊಳ್ಳುತ್ತೇನೆ ಎಂದುಕೊಂಡಳು. ಕತ್ತರಿ ಎತ್ತಿದಳು.

ಏನು ಕೈ ಅದು. ಬಾಚಣಿಗೆ ಇಳಿಯಿತು, ಬೆರಳು ಹಿಡಿಯಿತು, ಕತ್ತರಿ ನಡೆಯಿತು. ಎಳೆ ಎಳೆಯಾಗಿ ಕೂದಲು ನೆಲಕ್ಕೆ ಬಿತ್ತು. ಹಿಂದಿನ ಪಾಲು ಮುಗಿಯಿತು, ಎಡ ಮುಗಿಯಿತು, ಬಲ ಮುಗಿಯಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಕನ್ನಡಿಯಲ್ಲಿ ನೋಡಿದಳು. ಗೆರೆ ನೇರವಾಗಿತ್ತು. ಎರಡನೆಯ ಕುರ್ಚಿ ಪಕ್ಕದಲ್ಲೇ ಖಾಲಿ ಇತ್ತು.

ಅಷ್ಟರಲ್ಲಿ ಯಜಮಾನಿ ಕಾಲು ಬದಲಾಯಿಸಿದಳು. ಬಲಗಾಲು ಇಳಿಯಿತು, ಎಡಗಾಲು ಮೇಲೇರಿತು.

ಈಗ ಬಲಗಡೆ ಒಂದು ಬೆರಳು ಉದ್ದ ಕಂಡಿತು. ಕಲಿಯುವವಳು ಬಲಗಡೆ ಕತ್ತರಿಸಿದಳು. ಯಜಮಾನಿಗೆ ಕಾಲು ಜೋಮು ಹಿಡಿಯಿತು. ಮತ್ತೆ ಬದಲಾಯಿಸಿದಳು. ಈಗ ಎಡಗಡೆ ಉದ್ದ. ಎಡಗಡೆ ಕತ್ತರಿಸಿದಳು. ಮತ್ತೆ ಬಲಗಡೆ. ಮತ್ತೆ ಎಡಗಡೆ. ಕುತ್ತಿಗೆಯ ಮಟ್ಟ ದಾಟಿ ಕೂದಲು ದವಡೆಯ ಹತ್ತಿರ ಬಂತು.

"ಏನಮ್ಮಾ," ಎಂದಳು ಯಜಮಾನಿ, "ಕತ್ತರಿಸುತ್ತಿದ್ದೀಯೋ, ನನಗೆ ಪ್ರದಕ್ಷಿಣೆ ಹಾಕುತ್ತಿದ್ದೀಯೋ?"

"ಆಯಿತು ಅಮ್ಮಾವ್ರೇ, ಇನ್ನೊಂಚೂರು."

ಇನ್ನೊಂಚೂರು ಎಂದರೆ ಕಿವಿ. ಅದು ಅವಳಿಗೂ ಗೊತ್ತಿತ್ತು. ಅವಳು ಒಡತಿಯ ಕಡೆ ನೋಡಿದಳು. ಒಡತಿ ಟವೆಲ್ ಮಡಿಸುತ್ತಿದ್ದಳು. ಮಾತಾಡುವುದಿಲ್ಲ ಎಂದಿದ್ದಳು, ಮಾತಾಡಲಿಲ್ಲ. ಚಪ್ಪಲಿ ಇನ್ನೂ ಗಾಳಿಯಲ್ಲಿ ಆಡುತ್ತಿತ್ತು.

ಕಲಿಯುವವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅಮ್ಮಾವ್ರೇ, ಕಾಲು ಇಳಿಸಿ. ಎರಡೂ ಪಾದ ಕೆಳಗಿಡಿ."

"ಏನಂದೆ?"

"ಕಾಲು ಇಳಿಸಿ ಅಂದೆ. ಹೀಗೇ ಕೂತರೆ ನಾನು ಸಂಜೆಯವರೆಗೂ ಕತ್ತರಿಸುತ್ತೇನೆ. ಆಮೇಲೆ ನಿಮಗೆ ಬಾಚಣಿಗೆ ಬೇಕಾಗುವುದಿಲ್ಲ."

"ನಮ್ಮ ಮಾವನವರೇ ನನಗೆ ಈ ಮಾತು ಹೇಳಿದವರಲ್ಲ."

"ಅವರು ನಿಮ್ಮ ಕೂದಲು ಕತ್ತರಿಸುತ್ತಿರಲಿಲ್ಲ ಅಮ್ಮಾವ್ರೇ."

ಯಜಮಾನಿ ಕನ್ನಡಿಯಲ್ಲಿ ಅವಳ ಮುಖವನ್ನು ದಿಟ್ಟಿಸಿದಳು. ಕಲಿಯುವವಳು ಕಣ್ಣು ಕೆಳಗೆ ಹಾಕಲಿಲ್ಲ. ಆಮೇಲೆ ಎರಡನೆಯ ಚಪ್ಪಲಿಯೂ ನೆಲ ಮುಟ್ಟಿತು.

ಭುಜಗಳು ಸಮವಾದವು. ಕುತ್ತಿಗೆ ನೆಟ್ಟಗಾಯಿತು. ಸೊಟ್ಟ ಎಲ್ಲಿದೆ ಎಂಬುದು ಈಗ ಒಂದೇ ನೋಟಕ್ಕೆ ಕಂಡಿತು. ಕಲಿಯುವವಳು ಐದಾರು ಸಲ ಕತ್ತರಿ ಆಡಿಸಿದಳು. ಕೆಲಸ ಮುಗಿಯಿತು. ಸುತ್ತಲೂ ಒಂದೇ ಸಮ.

ಯಜಮಾನಿ ಎದ್ದು ನಿಂತಳು. ಅತ್ತ ತಿರುಗಿ ನೋಡಿಕೊಂಡಳು, ಇತ್ತ ತಿರುಗಿ ನೋಡಿಕೊಂಡಳು. "ಗಿಡ್ಡವಾಯಿತು," ಎಂದಳು.

"ಹೌದು. ಮೂರು ಬೆರಳು ಗಿಡ್ಡವಾಯಿತು. ನೀವು ಕೂತ ತಕ್ಷಣ ನಾನು ಹೇಳಿದ್ದರೆ ಆಗುತ್ತಿರಲಿಲ್ಲ. ಹೆದರಿದೆ."

ಯಜಮಾನಿ ಕೊರಳ ಬಟ್ಟೆಯನ್ನು ತಾನೇ ಬಿಚ್ಚಿ ಕುರ್ಚಿಯ ಮೇಲೆಸೆದಳು. ಗಾಜಿನ ಬಾಗಿಲು ತಳ್ಳಿಕೊಂಡು ಹೊರಟುಹೋದಳು.

ಕಲಿಯುವವಳು ನೆಲದ ಮೇಲಿನ ಕೂದಲು ಗುಡಿಸಿದಳು. ತನ್ನ ಚೀಲ ತೆಗೆದುಕೊಂಡಳು. ಬೀದಿಯ ಆಚೆ ದರ್ಜಿಯ ಯಂತ್ರ ಓಡುತ್ತಿತ್ತು. ಅವಳು ಬಾಗಿಲಿಗೆ ಕೈ ಹಾಕಿದಳು.

"ಎಲ್ಲಿಗೆ?" ಎಂದಳು ಒಡತಿ.

ಅವಳು ತಿರುಗಿ ನೋಡಿದಳು. ಒಡತಿ ಬಾಚಣಿಗೆ, ಕ್ಲಿಪ್ಪು, ಕತ್ತರಿಗಳನ್ನು ಎರಡನೆಯ ಕುರ್ಚಿಯ ಮುಂದೆ ಜೋಡಿಸಿಡುತ್ತಿದ್ದಳು.

"ಅಕ್ಕಾ, ಅವರು ಕೇಳಿದ ಹಾಗೆ ಕತ್ತರಿಸಲಿಲ್ಲವಲ್ಲ ನಾನು. ಸಿಟ್ಟಾಗಿ ಹೋದರು. ಇನ್ನು ಬರುವುದಿಲ್ಲ."

"ಬಂದರೆ ಎರಡೂ ಕಾಲು ಕೆಳಗಿಟ್ಟೇ ಕೂರುತ್ತಾಳೆ. ಚೀಲ ಒಳಗಿಡು. ಹೊರಗೆ ಇಬ್ಬರು ಕಾಯುತ್ತಿದ್ದಾರೆ."

ಸಾಹುಕಾರರು ಇಲ್ಲಿಗೆ ಕತೆ ನಿಲ್ಲಿಸಿದರು.

ಕಲ್ಮೇಶನ ಮುಖ ಅರಳಿತ್ತು. ಕತೆಯುದ್ದಕ್ಕೂ ಅವನ ಬೆರಳುಗಳೂ ತೊಡೆಯ ಮೇಲೆ ಕತ್ತರಿಯಂತೆ ಆಡಿದ್ದವು. "ಭಲೇ ಹೆಂಗಸು," ಎಂದ. "ಆ ಯಜಮಾನಿಯ ಎದುರು ನಾನಾಗಿದ್ದರೂ ಹಾಗೇ ಹೇಳಿಬಿಡುತ್ತಿದ್ದೆ ಸಾಹುಕಾರರೇ."

ಸಾಹುಕಾರರು ಅವನನ್ನೇ ನೋಡುತ್ತ ಹೇಳಿದರು: "ಈ ಆರು ವರ್ಷದಲ್ಲಿ ನಾನು ಎಷ್ಟು ಸಲ ಕೆಟ್ಟ ಮಾಲು ಕೊಂಡೆ ಕಲ್ಮೇಶ, ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ ನೀನು ಒಂದು ಸಲವಾದರೂ ಬೇಡ ಎಂದೆಯಾ?"