ಕೆಂಚಿಗೆ ಕೊಂಬಿನ ಸ್ವಾಗತ

ಮಕ್ಕಳೇ, ಬಿಳಿಕಲ್ಲು ಗುಡ್ಡದ ಕಾಡಿನಲ್ಲಿ ಮುಳ್ಳುಹಂದಿ ಅಚ್ಚಮ್ಮನವರ ಮನೆತನವನ್ನು ಅರಿಯದ ಪ್ರಾಣಿ ಇರಲಿಲ್ಲ. ಅವರ ಅಜ್ಜಿಯ ಅಜ್ಜಿ ತೋಡಿದ ಬಿಲ ಅವರದು. ಊರಿನಲ್ಲಿ ಏಟು ತಿಂದು ಓಡಿಬಂದ ನಾಯಿಗಳಿಗೆ ಅಲ್ಲಿ ಆಸರೆ ಕೊಡುವುದು ತಲೆತಲಾಂತರದ ವಾಡಿಕೆ. ಹೆದರಿದ ನಾಯಿಯ ಎದುರು ಮುಳ್ಳು ಎತ್ತಬಾರದು, ಅದನ್ನು ಹತ್ತಿರ ಕರೆಯಬಾರದು. ಬೆನ್ನು ತಿರುಗಿಸಿ ಕೂತು, ಅದೇ ಬರುವವರೆಗೆ ಕಾಯಬೇಕು. ಧೈರ್ಯ ಬಂದ ಮೇಲೆ ಒಳ್ಳೆಯ ಮನೆ ನೋಡಿ ಕಳಿಸಬೇಕು. ಅದೂ ಕರೆದೊಯ್ಯಲು ಬಂದವರ ಹಿಂದೆ ನಾಯಿ ತಾನಾಗಿ ಹೊರಟರೆ ಮಾತ್ರ. ಈ ಕ್ರಮ ಎಂದೂ ತಪ್ಪಿರಲಿಲ್ಲ.

ಕೆಂಚಿ ಎಂಬ ಹೆಣ್ಣುನಾಯಿ ಬಂದಾಗ ಅದರ ಬೆನ್ನ ತುಂಬ ದೊಣ್ಣೆಯ ಬಾಸುಂಡೆಗಳಿದ್ದವು. ಒಣಕಡ್ಡಿ ಕಂಡರೂ ನಿಂತಲ್ಲೇ ಒದ್ದೆ ಮಾಡಿಕೊಳ್ಳುತ್ತಿತ್ತು. ಮಳೆಗಾಲ ಪೂರ್ತಿ ಅಚ್ಚಮ್ಮ ಬೆನ್ನು ತಿರುಗಿಸಿ ಕೂತರು. ಚಳಿ ಹಿಡಿದ ಒಂದು ಬೆಳಿಗ್ಗೆ ಕೆಂಚಿ ತಾನೇ ಬಂದು, ಮಡಚಿದ ಆ ಮುಳ್ಳುಗಳಿಗೇ ಮೂತಿ ಒರಗಿಸಿ ನಿದ್ದೆ ಹೋಯಿತು.

ಸ್ವಲ್ಪ ದಿನಕ್ಕೆ ಕಡವೆಗಳ ಹಿಂಡಿನ ಯಜಮಾನಿ ಪದ್ಮಾಂಬೆ ಬಿಲದ ಬಾಗಿಲಿಗೆ ಬಂದಳು. ಚಿರತೆ ಸುಳಿದಾಗ ಬೊಗಳಿ ಎಚ್ಚರಿಸಲು ಹಿಂಡಿಗೊಂದು ನಾಯಿ ಬೇಕಿತ್ತು. ಅಚ್ಚಮ್ಮನವರ ಮನೆತನವನ್ನು ಬಾಯ್ತುಂಬ ಹೊಗಳಿದಳು. ಕೆಂಚಿ ಮಾತ್ರ ಹೊರಗೆ ತಲೆ ಹಾಕಲಿಲ್ಲ.

"ಅದಕ್ಕೆ ಇನ್ನೂ ಕಾಲ ಬೇಕು," ಎಂದರು ಅಚ್ಚಮ್ಮ.

"ಎಷ್ಟು ಕಾಲ ಅಂತ ಸೆರಗಿನಲ್ಲಿ ಕಟ್ಟಿಕೊಂಡಿರುತ್ತೀರಿ, ಅಮ್ಮ? ನಿಮ್ಮ ಮನೆಯ ನಾಯಿ ನಮ್ಮ ಹಿಂಡಿನಲ್ಲಿದೆ ಅಂದರೆ ನಿಮಗೂ ಹೆಸರು."

ಆ ಮಾತು ಅಚ್ಚಮ್ಮನವರಿಗೆ ಹಿತವಾಯಿತು. ಕೊಂಬಿರುವ ಗಂಡುಗಳು ಕೆಂಚಿಯ ಕಣ್ಣಿಗೆ ಬೀಳಕೂಡದು, ಅದರ ಪಾಲಿಗೆ ಕೊಂಬೂ ದೊಣ್ಣೆಯೇ ಎಂದು ಬಿಡಿಸಿ ಹೇಳಿದರು. ಪದ್ಮಾಂಬೆ ಹಾಗೇ ಆಗಲಿ ಎಂದು ಮಾತು ಕೊಟ್ಟಳು. ಅಚ್ಚಮ್ಮ ಕೆಂಚಿಯನ್ನು ಹಿಂದಿನಿಂದ ಮೂತಿಯಲ್ಲಿ ನೂಕಿ ಹೊರಗೆ ಕಳಿಸಿದರು. ಅದು ತಿರುಗಿ ತಿರುಗಿ ನೋಡುತ್ತ ಹೋಯಿತು.

ಹಿಂಡಿನ ವೈಭವ ತೋರಿಸದೆ ಪದ್ಮಾಂಬೆಗೆ ಇರಲಾಗಲಿಲ್ಲ. ಅಂದೇ ಸಂಜೆ ಗಂಡುಗಳನ್ನೆಲ್ಲ ದಾರಿಯ ಎರಡೂ ಬದಿಗೆ ಸಾಲಾಗಿ ನಿಲ್ಲಿಸಿ, ಕೊಂಬು ಎತ್ತಿಸಿ, ನಡುವೆ ಕೆಂಚಿಯನ್ನು ಕರೆತಂದಳು. ಕೆಂಚಿಗೆ ಎರಡೂ ಕಡೆ ದೊಣ್ಣೆಗಳೇ ಕಂಡವು. ಸಾಲು ಸೀಳಿಕೊಂಡು ಕಣ್ಣು ಕಾಣದಂತೆ ಓಡಿತು. ಮುಂದೆ ಹಳೆಯ ಕಲ್ಲುಗಣಿಯ ಗುಂಡಿಯಿತ್ತು.

ಸುದ್ದಿ ತಿಳಿದ ಅಚ್ಚಮ್ಮ ಆ ಗುಂಡಿಗೆ ಇಳಿದರು. ಮುಳ್ಳು ಮಡಚಿ, ಉಸಿರು ನಿಂತು ತಣ್ಣಗಾದ ಕೆಂಚಿಯ ಪಕ್ಕದಲ್ಲಿ ಬಹಳ ಹೊತ್ತು ಕೂತು, ಮೇಲೆ ಬಂದರು.

ಅಲ್ಲಿ ಪದ್ಮಾಂಬೆ ನಿಂತಿದ್ದಳು. ಮರ್ಯಾದೆ ಮಾಡಹೋದ ನಮಗೆ ಇದು ತಕ್ಕ ಫಲವೇ, ನೀವು ಕೊಟ್ಟದ್ದೇ ಹುಚ್ಚುನಾಯಿ ಎಂದು ಗೊಣಗಿದಳು.

"ಹುಚ್ಚಲ್ಲ, ಭಯ. ನಾನು ಹೇಳಿದ್ದೆ, ನೀವು ಮಾತು ಕೊಟ್ಟಿದ್ದಿರಿ," ಎಂದರು ಅಚ್ಚಮ್ಮ. "ಬರಲೊಲ್ಲದವಳನ್ನು ನೂಕಿದ್ದು ನನ್ನ ತಪ್ಪು. ಕೆಳಗೆ ಕೂತು ಅವಳ ಕ್ಷಮೆ ಕೇಳಿ ಬಂದಿದ್ದೇನೆ. ಈಗ ನೀವು ಇಳಿಯಿರಿ. ಕ್ಷಮೆ ಕೇಳಿ."

ನೀತಿ: ಹೆದರಿದ ಜೀವಕ್ಕೆ ಆಸರೆ ಕೊಡುವವರು ಅದರ ಧೈರ್ಯಕ್ಕಾಗಿ ಕಾಯಬೇಕು, ತಮ್ಮ ಹೆಸರಿಗಾಗಿ ಅವಸರಿಸಬಾರದು.